ದುರಸ್ತಿಯಾಗಿ ಬಂದ ಕಾರಿನಲ್ಲಿ ಹೊಸ ದೋಷ: ಕಾರಣವನ್ನು ಹುಡುಕುವ ಬಗೆ

ಡೀಲರ್ ವರ್ಕ್‌ಶಾಪಿಗೆ ಕೊಟ್ಟಿದ್ದ ಕಾರು ಮರಳಿ ಬಂದಾಗ ಹಳೆಯ ದೋಷ ಹೋಗಿದ್ದು, ಅದರ ಬದಲಿಗೆ ಮೊದಲು ಇಲ್ಲದಿದ್ದ ಒಂದು ಸದ್ದೋ ನಡುಕವೋ ವಾಸನೆಯೋ ಎಚ್ಚರಿಕೆಯ ದೀಪವೋ ಕಾಣಿಸಿಕೊಳ್ಳುವುದು ಅಪರೂಪವೇನಲ್ಲ. ಆಗ ಎರಡು ಮಾತುಗಳು ಬಹಳ ಬೇಗ ಹೊರಬರುತ್ತವೆ. ‘ಇದನ್ನು ನೀವೇ ಕೆಡಿಸಿದ್ದೀರಿ’ ಎಂದು ಮಾಲೀಕರು ಹೇಳುತ್ತಾರೆ. ‘ನಾವು ಮಾಡಿದ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ’ ಎಂದು ಸರ್ವಿಸ್ ಅಡ್ವೈಸರ್ ಹೇಳುತ್ತಾರೆ. ಬಾನೆಟ್ ತೆರೆಯುವ ಮೊದಲೇ ಆಡಿದ ಮಾತುಗಳಾದ್ದರಿಂದ ಎರಡಕ್ಕೂ ಬೆಲೆ ಒಂದೇ. ದುರಸ್ತಿಯ ನಂತರ ಬಂದದ್ದೆಲ್ಲ ದುರಸ್ತಿಯಿಂದಲೇ ಬಂದದ್ದಲ್ಲ. ಹಾಗೆಂದು ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ತಳ್ಳಿಹಾಕಲೂ ಬರುವುದಿಲ್ಲ, ಏಕೆಂದರೆ ಕಾರಿನಲ್ಲಿ ಇತ್ತೀಚೆಗೆ ಯಾರದಾದರೂ ಕೈ ಆಡಿದ ಜಾಗವೇ ಹೊಸ ದೋಷವನ್ನು ಹುಡುಕಲು ಮೊದಲು ನೋಡಬೇಕಾದ ಜಾಗ. ನಿಜವಾದ ಕಾರಣವನ್ನು ಪತ್ತೆಹಚ್ಚುವುದು ಮೆಕ್ಯಾನಿಕ್‌ನ ಕೆಲಸ. ಆದರೆ ಆ ಪತ್ತೆಗೆ ಬೇಕಾದ ಕುರುಹುಗಳು ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಮಾಲೀಕರ ನಡವಳಿಕೆಯನ್ನೇ ಅವಲಂಬಿಸಿದೆ.

ಕೈ ಆಡಿದ ಜಾಗ

ಒಂದು ಬಿಡಿಭಾಗವನ್ನು ಬದಲಾಯಿಸಬೇಕಾದರೆ ಅದನ್ನು ತಲುಪುವ ದಾರಿಯಲ್ಲಿರುವ ಹತ್ತಾರು ಭಾಗಗಳನ್ನು ಬಿಚ್ಚಿ ಬದಿಗಿಡಬೇಕಾಗುತ್ತದೆ. ಬಿಲ್ಲಿನಲ್ಲಿ ಹೆಸರು ಬರುವುದು ಬದಲಾಯಿಸಿದ ಭಾಗದ್ದು ಮಾತ್ರ. ತಪ್ಪು ನುಸುಳುವುದು ಹೆಚ್ಚಾಗಿ ಬಿಚ್ಚಿ ಮತ್ತೆ ಜೋಡಿಸಿದ ಭಾಗಗಳಲ್ಲಿ. ಆದ್ದರಿಂದ ‘ನೀವು ಏನನ್ನು ಬದಲಾಯಿಸಿದಿರಿ?’ ಎಂಬ ಪ್ರಶ್ನೆಗಿಂತ ‘ಈ ಕೆಲಸಕ್ಕಾಗಿ ಏನೇನನ್ನು ಬಿಚ್ಚಿದಿರಿ?’ ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ. ಅನೇಕ ಮಾಲೀಕರು ಮೊದಲನೆಯದನ್ನು ಮಾತ್ರ ಕೇಳಿ ಸುಮ್ಮನಾಗುತ್ತಾರೆ.

ಇದಕ್ಕೆ ಒಳ್ಳೆಯ ಉದಾಹರಣೆ ಎಂಜಿನ್ನಿನ ಗಾಳಿಯ ದಾರಿ. ಏರ್ ಫಿಲ್ಟರ್ ಬದಲಾಯಿಸುವಾಗಲೋ ಸ್ಪಾರ್ಕ್ ಪ್ಲಗ್ ತಲುಪಲೋ ಫಿಲ್ಟರ್ ಪೆಟ್ಟಿಗೆಯಿಂದ ಥ್ರಾಟಲ್‌ಗೆ ಹೋಗುವ ರಬ್ಬರ್ ಪೈಪನ್ನು ಕಳಚಬೇಕಾಗುತ್ತದೆ. ಒಳಗೆ ಹೋಗುವ ಗಾಳಿಯನ್ನು ನೇರವಾಗಿ ಅಳೆಯುವ ಎಂಜಿನ್ನುಗಳಲ್ಲಿ ಅಳತೆಯ ಸೆನ್ಸರ್ ಈ ಪೈಪಿನ ಆರಂಭದಲ್ಲೇ ಇರುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 14.7 ಭಾಗ ಗಾಳಿಗೆ 1 ಭಾಗ ಪೆಟ್ರೋಲ್ ಬೇಕು. ಸೆನ್ಸರ್ ಹೇಳಿದ ಗಾಳಿಯ ಪ್ರಮಾಣವನ್ನು ನಂಬಿ ಕಂಪ್ಯೂಟರು ಇಂಧನವನ್ನು ಲೆಕ್ಕ ಹಾಕುತ್ತದೆ. ಮತ್ತೆ ಜೋಡಿಸುವಾಗ ಪೈಪಿನ ಅಂಚು ಸರಿಯಾಗಿ ಕೂರದಿದ್ದರೆ ಅಥವಾ ಕ್ಲಾಂಪ್ ಸಡಿಲವಾಗಿದ್ದರೆ, ಸೆನ್ಸರಿನ ಕಣ್ಣು ತಪ್ಪಿಸಿ ಒಂದಿಷ್ಟು ಗಾಳಿ ಒಳನುಗ್ಗುತ್ತದೆ. ಲೆಕ್ಕಕ್ಕೆ ಸಿಗದ ಈ ಗಾಳಿಗೆ ಇಂಧನವಿಲ್ಲ, ಹಾಗಾಗಿ ಮಿಶ್ರಣ ತೆಳುವಾಗುತ್ತದೆ. ಸೈಲೆನ್ಸರ್ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ ಇದನ್ನು ಗುರುತಿಸಿ ದೂರು ಕೊಡುತ್ತದೆ, ಕಂಪ್ಯೂಟರು ಇಂಧನವನ್ನು ಹೆಚ್ಚಿಸುತ್ತಾ ಹೋಗುತ್ತದೆ, ಹೆಚ್ಚಿಸುವ ಮಿತಿ ಮುಗಿದಾಗ ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಸ್ಕ್ಯಾನರ್ ಹಾಕಿದರೆ, ಮಿಶ್ರಣ ತೆಳುವಾಗಿದೆ ಎಂದು ಸೂಚಿಸುವ ಪಿ0171 ಎಂಬ ಕೋಡ್ ಸಿಗಬಹುದು. ಕಾರು ನಿಂತಲ್ಲೇ ಎಂಜಿನ್ ಓಡುತ್ತಿರುವಾಗ ನಡುಕ ಹೆಚ್ಚು, ವೇಗದಲ್ಲಿ ಕಡಿಮೆ. ಏಕೆಂದರೆ ಎಂಜಿನ್ ಕಡಿಮೆ ಗಾಳಿ ಎಳೆಯುವಾಗ ಸೋರಿಕೆಯ ಪಾಲು ದೊಡ್ಡದಾಗಿ ಕಾಣುತ್ತದೆ. ಬೆರಳಿನಿಂದ ಒತ್ತಿ ಕೂರಿಸಿ ಕ್ಲಾಂಪ್ ಬಿಗಿದರೆ ಮುಗಿಯುವ ಈ ದೋಷಕ್ಕೆ, ಕೋಡಿನ ಹೆಸರನ್ನಷ್ಟೇ ನೋಡಿ ಆಕ್ಸಿಜನ್ ಸೆನ್ಸರನ್ನೋ ಇಂಧನದ ಪಂಪನ್ನೋ ಬದಲಾಯಿಸಿ ಹಣ ಕಳೆದುಕೊಳ್ಳುವುದು ಬಹಳ ಸುಲಭ.

ವಿದ್ಯುತ್ ಕನೆಕ್ಟರ್‌ಗಳ ಕಥೆಯೂ ಇಂಥದ್ದೇ. ಪ್ಲಾಸ್ಟಿಕ್ ಬೀಗ ‘ಟಕ್’ ಎಂದು ಕೂರದಿದ್ದರೆ ಸಂಪರ್ಕ ಇದ್ದೂ ಇಲ್ಲದಂತಿರುತ್ತದೆ. ನುಣುಪಾದ ರಸ್ತೆಯಲ್ಲಿ ಎಲ್ಲವೂ ಸರಿ, ಹಳ್ಳಕ್ಕೆ ಇಳಿದ ಕೂಡಲೇ ಒಂದು ಸಿಲಿಂಡರ್ ಉರಿಯುವುದನ್ನು ನಿಲ್ಲಿಸುತ್ತದೆ. ಸೀಟಿನ ಕೆಳಗೆ ಏರ್‌ಬ್ಯಾಗ್‌ಗೂ ಸೀಟ್ ಬೆಲ್ಟಿಗೂ ಸಂಬಂಧಿಸಿದ, ಸಾಮಾನ್ಯವಾಗಿ ಹಳದಿ ಬಣ್ಣದ ಕನೆಕ್ಟರ್‌ಗಳಿರುತ್ತವೆ. ಕಾರ್ಪೆಟ್ ತೆಗೆಯಲು ಸೀಟನ್ನು ಬಿಚ್ಚಿದ್ದು, ಕನೆಕ್ಟರ್ ಕಳಚಿದ್ದಾಗ ಯಾರಾದರೂ ಇಗ್ನಿಶನ್ ಹಾಕಿದ್ದರೆ, ಮತ್ತೆ ಜೋಡಿಸಿದ ಮೇಲೂ ಏರ್‌ಬ್ಯಾಗ್ ದೀಪ ತಾನಾಗಿ ಆರದೆ ಉಳಿಯಬಹುದು.

ಕೆಲವು ತಪ್ಪುಗಳು ಕಾರು ವರ್ಕ್‌ಶಾಪಿನಿಂದ ಹೊರಬಿದ್ದ ಕೂಡಲೇ ಕಾಣುತ್ತವೆ, ಕೆಲವು ವಾರಗಟ್ಟಲೆ ಅಡಗಿರುತ್ತವೆ. ಜಗಳ ಹೆಚ್ಚಾಗಿ ಹುಟ್ಟುವುದು ಈ ಎರಡನೆಯ ಬಗೆಯಲ್ಲಿ. ಕಿಟಕಿಯ ಮೋಟರ್ ಬದಲಾಯಿಸಲು ಬಾಗಿಲಿನ ಒಳಹಲಗೆಯನ್ನು ತೆಗೆದಾಗ ಅದರ ಹಿಂದೆ ಅಂಟಿಸಿರುವ ತೆಳುವಾದ ಹಾಳೆಯನ್ನೂ ಬಿಡಿಸಬೇಕಾಗುತ್ತದೆ. ಗಾಜಿನ ಅಂಚಿನಿಂದ ಬಾಗಿಲಿನೊಳಗೆ ಇಳಿಯುವ ಮಳೆನೀರು ಕೆಳಗಿನ ರಂಧ್ರಗಳಿಂದಲೇ ಹೊರಹೋಗುವಂತೆ ತಡೆಯುವುದು ಈ ಹಾಳೆ. ಅದನ್ನು ಸರಿಯಾಗಿ ಅಂಟಿಸದೆ ಬಿಟ್ಟರೆ, ಮಳೆ ಬರುವವರೆಗೂ ಏನೂ ಗೊತ್ತಾಗುವುದಿಲ್ಲ. ತಿಂಗಳ ನಂತರ ಕಾಲಡಿಯ ಕಾರ್ಪೆಟ್ ಒದ್ದೆಯಾಗಿ ಮುಗ್ಗಲು ವಾಸನೆ ಹಿಡಿದಾಗ, ಕಿಟಕಿಯ ಮೋಟರಿಗೂ ಇದಕ್ಕೂ ನಂಟು ಕಲ್ಪಿಸುವುದು ಯಾರಿಗೂ ಹೊಳೆಯದ ಮಾತು. ಒಳಹಲಗೆಯನ್ನು ಹಿಡಿದಿಡುವ ಕ್ಲಿಪ್‌ಗಳಲ್ಲಿ ಅನೇಕವು ಒಮ್ಮೆ ತೆಗೆದರೆ ಮತ್ತೆ ಬಿಗಿಯಾಗಿ ಕೂರುವುದಿಲ್ಲ. ದುರಸ್ತಿಯ ನಂತರ ಬಾಗಿಲಿನಿಂದ ಬರುವ ಕಟಕಟ ಸದ್ದಿನ ಮೂಲ ಹೆಚ್ಚಾಗಿ ಅಲ್ಲೇ ಇರುತ್ತದೆ.

ಬ್ರೇಕ್ ಡಿಸ್ಕ್ ಇನ್ನೂ ನಿಧಾನವಾಗಿ ಸೇಡು ತೀರಿಸಿಕೊಳ್ಳುತ್ತದೆ. ಹೊಸ ಡಿಸ್ಕನ್ನು ಕೂರಿಸುವ ಮುನ್ನ ಅದು ಕೂರುವ ಚಕ್ರದ ನಡುಭಾಗದ, ಅಂದರೆ ಹಬ್ಬಿನ, ಮೇಲಿನ ತುಕ್ಕನ್ನು ಉಜ್ಜಿ ತೆಗೆಯಬೇಕು. ತೆಗೆಯದಿದ್ದರೆ ತುಕ್ಕಿನ ಒಂದು ಚೂರಿನಿಂದಲೇ ಡಿಸ್ಕ್ ಕೂದಲೆಳೆಯಷ್ಟು ಓರೆಯಾಗಿ ತಿರುಗುತ್ತದೆ. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಓರೆಯೂ ಇಲ್ಲಿ ಹೆಚ್ಚೇ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಪ್ಯಾಡಿಗೆ ಸವರುತ್ತಾ ಆ ಜಾಗ ಸವೆದು, ಡಿಸ್ಕಿನ ದಪ್ಪ ಏರುಪೇರಾಗಿ, ಸಾವಿರಾರು ಕಿಲೋಮೀಟರಿನ ನಂತರ ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ನಡುಗಲು ತೊಡಗುತ್ತದೆ. ಅಷ್ಟು ದಿನ ಚೆನ್ನಾಗಿತ್ತಲ್ಲ ಎಂಬ ವರ್ಕ್‌ಶಾಪಿನ ವಾದ ಮೇಲ್ನೋಟಕ್ಕೆ ಒಪ್ಪುವಂಥದ್ದೇ ಆದರೂ, ಹಬ್ ಮತ್ತು ಡಿಸ್ಕಿನ ಓರೆಯನ್ನು ಡಯಲ್ ಗೇಜಿನಲ್ಲಿ ಅಳೆದರೆ ನಿಜ ಸಂಗತಿ ತಿಳಿಯುತ್ತದೆ. ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳದ್ದೂ ಇದೇ ಸ್ವಭಾವ. ಕಾರನ್ನು ಲಿಫ್ಟಿನ ಮೇಲೆ ಎತ್ತಿ, ಚಕ್ರಗಳು ಜೋತು ಬಿದ್ದಿರುವಾಗಲೇ ಬುಷ್‌ನ ಬೋಲ್ಟನ್ನು ಪೂರ್ತಿ ಬಿಗಿದರೆ, ಕಾರು ನೆಲಕ್ಕೆ ಇಳಿದಾಗ ಆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಕಿರುಗುಟ್ಟುತ್ತದೆ, ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿತ ಕೊಡಬೇಕೆಂಬುದು ಇಂಥ ಬುಷ್‌ಗಳಿಗೆ ತಯಾರಕರ ಕೈಪಿಡಿ ಸಾಮಾನ್ಯವಾಗಿ ಹೇಳುವ ಮಾತು, ಅವಸರದಲ್ಲಿ ಬಿಟ್ಟುಹೋಗುವ ಮಾತೂ ಹೌದು.

ಆಯಿಲ್ ಬದಲಾವಣೆ ಎಲ್ಲಕ್ಕಿಂತ ಸರಳ ಕೆಲಸವೆಂದು ಹೆಸರಾಗಿದೆ. ಆದರೂ ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸ ಫಿಲ್ಟರ್ ಬಿಗಿದರೆ, ಎರಡು ರಿಂಗುಗಳ ನಡುವಿನಿಂದ ಒತ್ತಡದ ಆಯಿಲ್ ನಿಮಿಷಗಳಲ್ಲಿ ಹೊರಚಿಮ್ಮಬಹುದು. ಎಂಜಿನ್ನನ್ನೇ ಬಲಿ ತೆಗೆದುಕೊಳ್ಳಬಲ್ಲ ತಪ್ಪು ಇದು.

ಕಂಪ್ಯೂಟರು ಮರೆತದ್ದು

ಎಲ್ಲ ಹೊಸ ಲಕ್ಷಣವೂ ದೋಷವಲ್ಲ. ಅನೇಕ ಕೆಲಸಗಳಿಗೆ ಮೊದಲು ಬ್ಯಾಟರಿಯ ಸಂಪರ್ಕ ತೆಗೆಯಬೇಕಾಗುತ್ತದೆ, ಹಾಗೆ ತೆಗೆದಾಗ ಕಂಪ್ಯೂಟರುಗಳು ಓಡುತ್ತಾ ಓಡುತ್ತಾ ಕಲಿತುಕೊಂಡಿದ್ದ ಹೊಂದಾಣಿಕೆಗಳು ಹಲವು ಕಾರುಗಳಲ್ಲಿ ಅಳಿಸಿಹೋಗುತ್ತವೆ. ಥ್ರಾಟಲ್ ಎಷ್ಟು ತೆರೆದರೆ ಎಂಜಿನ್ ನಿಂತಲ್ಲಿ ಸಮನಾಗಿ ಓಡುತ್ತದೆ, ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕ್ಲಚ್ಚುಗಳು ಎಷ್ಟು ಸವೆದಿವೆ ಎಂಬಂಥ ಲೆಕ್ಕಗಳನ್ನು ಅವು ಮತ್ತೆ ಮೊದಲಿನಿಂದ ಕಲಿಯಬೇಕು. ಈ ಅವಧಿಯಲ್ಲಿ ಎಂಜಿನ್ನಿನ ವೇಗ ಏರಿಳಿಯುವುದು, ಗೇರ್ ಬದಲಾಗುವಾಗ ತುಸು ಜಗ್ಗುವುದು ಸಹಜ. ಕಿಟಕಿಯ ಗಾಜು ಒಂದೇ ಒತ್ತಿಗೆ ಪೂರ್ತಿ ಏರದಿರುವುದು, ನಿಂತಾಗ ಎಂಜಿನ್ ತಾನಾಗಿ ಆರುವ ವ್ಯವಸ್ಥೆ ಕೆಲವು ದಿನ ಕೆಲಸ ಮಾಡದಿರುವುದು ಕೂಡ ಇದೇ ಗುಂಪಿಗೆ ಸೇರಿದವು. ಗಾಜಿನ ಸ್ವಿಚ್ಚನ್ನು ಮೇಲಕ್ಕೊತ್ತಿ ಕೆಲವು ಸೆಕೆಂಡು ಹಿಡಿದಿಟ್ಟರೆ ಎಷ್ಟೋ ಕಾರುಗಳಲ್ಲಿ ಅದು ಸರಿಹೋಗುತ್ತದೆ; ಕ್ರಮ ಮಾಲೀಕರ ಕೈಪಿಡಿಯಲ್ಲೇ ಇರುತ್ತದೆ.

ಹೊಸ ಬ್ರೇಕ್ ಪ್ಯಾಡುಗಳೂ ಡಿಸ್ಕಿಗೆ ಹೊಂದಿಕೊಳ್ಳಲು ಮೊದಲ ಕೆಲವು ನೂರು ಕಿಲೋಮೀಟರು ತೆಗೆದುಕೊಳ್ಳುತ್ತವೆ. ಆ ಅವಧಿಯಲ್ಲಿ ಹಿಡಿತ ಸ್ವಲ್ಪ ಕಡಿಮೆಯಿರಬಹುದು, ಸುಟ್ಟ ವಾಸನೆ ಸುಳಿಯಬಹುದು. ಆಯಿಲ್ ಬದಲಾಯಿಸುವಾಗ ಸೈಲೆನ್ಸರ್ ಪೈಪಿನ ಮೇಲೆ ಚೆಲ್ಲಿದ ಹನಿಗಳು ಒಂದೆರಡು ಓಡಾಟದಲ್ಲಿ ಉರಿದು ಹೋಗುತ್ತವೆ. ಕೂಲೆಂಟ್ ಬದಲಾಯಿಸಿದ ಮೇಲೆ ಒಳಗಿದ್ದ ಗಾಳಿ ಹೊರಬಂದಂತೆ ಟ್ಯಾಂಕಿನ ಮಟ್ಟ ಒಮ್ಮೆ ಇಳಿಯುತ್ತದೆ. ಇವೆಲ್ಲಕ್ಕೂ ಸಾಮಾನ್ಯವಾದ ಒಂದು ಗುಣವಿದೆ: ದಿನ ಕಳೆದಂತೆ ಕಡಿಮೆಯಾಗುತ್ತಾ ಹೋಗುತ್ತವೆ. ‘ಸ್ವಲ್ಪ ಓಡಿಸಿ, ತಾನೇ ಸರಿಹೋಗುತ್ತದೆ’ ಎಂಬ ಮಾತನ್ನು ನಂಬಬಹುದೇ ಬಿಡಬಹುದೇ ಎಂಬುದಕ್ಕೆ ಇದೇ ಒರೆಗಲ್ಲು. ಎರಡನೆಯ ಸಲವೂ ಇಳಿದ ಕೂಲೆಂಟ್, ದಿನದಿಂದ ದಿನಕ್ಕೆ ಜೋರಾಗುವ ಸದ್ದು, ಇವು ಹೊಂದಾಣಿಕೆಯ ಲಕ್ಷಣಗಳಲ್ಲ. ಆ ಮಾತು ಹೇಳಿದವರನ್ನು ಎಷ್ಟು ಕಿಲೋಮೀಟರಿನೊಳಗೆ ಸರಿಹೋಗಬೇಕು, ಹೋಗದಿದ್ದರೆ ಮುಂದೇನು ಎಂದು ಅಲ್ಲೇ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಒಳ್ಳೆಯದು.

ಹೊಂದಾಣಿಕೆ ತಾನಾಗಿ ಆಗದ ಸಂದರ್ಭಗಳೂ ಇವೆ. ಮುಂದಿನ ಗಾಜಿನ ಹಿಂದೆ ಕ್ಯಾಮೆರಾ ಇರುವ ಕಾರುಗಳಲ್ಲಿ ಗಾಜು ಬದಲಾಯಿಸಿದರೆ, ಬಂಪರಿನ ಹಿಂದೆ ರೇಡಾರ್ ಇರುವಲ್ಲಿ ಅದನ್ನು ಕಳಚಿದರೆ, ಸಾಮಾನ್ಯವಾಗಿ ಅವುಗಳ ದಿಕ್ಕನ್ನು ಉಪಕರಣದ ನೆರವಿನಿಂದ ಮತ್ತೆ ಹೊಂದಿಸಬೇಕು. ವೀಲ್ ಅಲೈನ್‌ಮೆಂಟ್ ನಂತರ ಸ್ಟಿಯರಿಂಗ್ ಕೋನದ ಸೆನ್ಸರಿಗೆ ನೇರ ಎಂದರೆ ಯಾವುದು ಎಂದು ತಿಳಿಸದಿದ್ದರೆ ಸ್ಥಿರತೆ ನಿಯಂತ್ರಣದ ದೀಪ ಹೊತ್ತಬಹುದು. ಇದನ್ನು ಓಡಿಸಿ ಸರಿಪಡಿಸುವ ಮಾತೇ ಇಲ್ಲ. ವರ್ಕ್‌ಶಾಪಿನವರು ಬಾಕಿ ಉಳಿಸಿದ ಕೆಲಸವನ್ನು ಅವರೇ ಮುಗಿಸಿಕೊಡಬೇಕು.

ಹೊಸದು ಹಳೆಯದನ್ನು ಬಯಲಿಗೆಳೆದಾಗ

ಮೂರನೆಯ ಬಗೆಯಲ್ಲಿ ದುರಸ್ತಿಯೂ ಸರಿಯಾಗಿರುತ್ತದೆ, ದೋಷವೂ ನಿಜವಾಗಿರುತ್ತದೆ. ಬಿಸಿಯಾದ ಎಂಜಿನ್ನಿನ ಕೂಲೆಂಟ್ ವ್ಯವಸ್ಥೆ ಹೊರಗಿನ ವಾತಾವರಣಕ್ಕಿಂತ ಸುಮಾರು 1 ಬಾರ್ ಹೆಚ್ಚಿನ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಆ ಒತ್ತಡದಲ್ಲಿ ಬರಿಯ ನೀರು ಕೂಡ 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಹಳೆಯ ವಾಟರ್ ಪಂಪ್ ಸೋರುತ್ತಿದ್ದಷ್ಟು ಕಾಲ ಒತ್ತಡ ಪೂರ್ತಿ ಏರುತ್ತಲೇ ಇರಲಿಲ್ಲ. ಹೊಸ ಪಂಪ್ ಬಿಗಿಯಾಗಿ ಕೂತ ಮೇಲೆ ಒತ್ತಡ ಇರಬೇಕಾದಷ್ಟಕ್ಕೆ ಏರಿ, ವರ್ಷಗಳಿಂದ ಗಡುಸಾಗಿದ್ದ ಹೋಸ್ ಪೈಪೋ ರೇಡಿಯೇಟರಿನ ಅಂಚೋ ಬಿರುಕು ಬಿಡುತ್ತದೆ. ಪಂಪ್ ಹಾಕಿದವರು ತಪ್ಪು ಮಾಡಿಲ್ಲ. ಆದರೆ ಹಳೆಯ ಹೋಸ್ ಕಣ್ಣೆದುರಿಗೇ ಇದ್ದಾಗ ಅದರ ಸ್ಥಿತಿಯನ್ನು ಮಾಲೀಕರಿಗೆ ಹೇಳಲಿಲ್ಲವೆಂಬ ಆಕ್ಷೇಪಕ್ಕೆ ತೂಕವಿದೆ, ಎರಡನೆಯ ಸಲದ ಕೂಲಿಯಲ್ಲಿ ರಿಯಾಯಿತಿ ಕೇಳಲು ಅದು ನ್ಯಾಯವಾದ ಆಧಾರ. ಹೀಗೆಯೇ ಹೊಸ ಟೈರುಗಳು ಸದ್ದಿಲ್ಲದೆ ಓಡತೊಡಗಿದಾಗ ಅಷ್ಟು ದಿನ ಹಳೆಯ ಟೈರಿನ ಗದ್ದಲದಲ್ಲಿ ಮುಚ್ಚಿಹೋಗಿದ್ದ ವೀಲ್ ಬೇರಿಂಗಿನ ಹೂಂಕಾರ ಮೊದಲ ಸಲ ಕೇಳಿಸುತ್ತದೆ.

ಬ್ಯಾಟರಿಯದು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕಾದ ವಿಷಯ. ಕಾರು ದಿನಗಟ್ಟಲೆ ಬಾಗಿಲು ತೆರೆದು, ಇಗ್ನಿಶನ್ ಹಾಕಿ, ಸ್ಕ್ಯಾನರ್ ಜೋಡಿಸಿಕೊಂಡು ನಿಂತಿದ್ದರೆ ವಯಸ್ಸಾದ ಬ್ಯಾಟರಿ ಸೊರಗುತ್ತದೆ. ವಿಶ್ರಾಂತಿಯಲ್ಲಿರುವಾಗ ಸುಮಾರು 12.6 ವೋಲ್ಟ್ ತೋರಬೇಕಾದದ್ದು 12ಕ್ಕಿಂತ ಕೆಳಗಿಳಿದರೆ, ಸ್ಟಾರ್ಟ್ ಮಾಡುವ ಕ್ಷಣದಲ್ಲಿ ಅಲ್ಲಲ್ಲಿನ ಕಂಪ್ಯೂಟರುಗಳು ಅರೆಪ್ರಜ್ಞೆಗೆ ಜಾರಿ, ಒಂದಕ್ಕೊಂದು ಸಂಬಂಧವೇ ಇಲ್ಲದ ಐದಾರು ದೀಪಗಳು ಒಟ್ಟಿಗೆ ಹೊತ್ತಬಹುದು. ವಿದ್ಯುತ್ ಕಾರುಗಳಲ್ಲೂ 12 ವೋಲ್ಟಿನ ಸಣ್ಣ ಬ್ಯಾಟರಿ ಬಲಹೀನವಾದರೆ ಇದೇ ಗೊಂದಲ. ಹಲವು ದೀಪಗಳು ಏಕಕಾಲಕ್ಕೆ ಕಂಡರೆ ಹಲವು ಭಾಗಗಳು ಕೆಟ್ಟಿವೆ ಎಂದು ಗಾಬರಿಯಾಗುವ ಮುನ್ನ ವೋಲ್ಟೇಜ್ ಅಳೆಸುವುದು ವಿವೇಕ.

ಉಳಿದದ್ದು ಅಪ್ಪಟ ಆಕಸ್ಮಿಕ. ಹಿಂದಿನ ಬ್ರೇಕಿನ ಕೆಲಸವಾದ ಮರುದಿನ ಮುಂದಿನ ವೈಪರ್ ಮೋಟರ್ ನಿಂತುಹೋದರೆ ಅವೆರಡನ್ನೂ ಜೋಡಿಸುವ ದಾರಿ ಯಾವುದೂ ಇಲ್ಲ.

ಓಡಿಸಬೇಕೇ, ನಿಲ್ಲಿಸಬೇಕೇ

ಹೊಣೆ ಯಾರದೆಂಬ ಪ್ರಶ್ನೆಗಿಂತ ಮೊದಲು ಬರುವುದು ಇದು. ಕೆಂಪು ದೀಪ ಹೊತ್ತಿದರೆ ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸುವುದೇ ಸರಿ. ಆಯಿಲ್ ಒತ್ತಡದ ಕೆಂಪು ದೀಪವಾದರೆ ಎಂಜಿನ್ನನ್ನು ಕೂಡಲೇ ಆರಿಸಬೇಕು. ಬ್ರೇಕ್ ಪೆಡಲ್ ಸ್ಪಂಜಿನಂತೆ ಮೆತ್ತಗಾಗಿದ್ದರೆ ಅಥವಾ ನೆಲದವರೆಗೂ ಇಳಿದರೆ ಬ್ರೇಕಿನ ಕೊಳವೆಯಲ್ಲಿ ಗಾಳಿ ಉಳಿದಿದೆ ಅಥವಾ ದ್ರವ ಸೋರುತ್ತಿದೆ ಎಂದರ್ಥ. ಅಂಥ ಕಾರನ್ನು ವರ್ಕ್‌ಶಾಪಿನವರೆಗೂ ಓಡಿಸಬಾರದು, ಎತ್ತಿಕೊಂಡು ಹೋಗಲು ಅವರಿಗೇ ಹೇಳಬೇಕು. ಚಕ್ರ ಬಿಚ್ಚಿ ಹಾಕಿದ ಮೇಲೆ ಟಕಟಕ ಬಡಿತವೋ ಹೊಸ ಅಲುಗಾಟವೋ ಕಂಡರೆ ನಟ್ಟುಗಳು ಸಡಿಲವಾಗಿರುವ ಸಾಧ್ಯತೆಯಿದೆ. ಚಕ್ರ ಹಾಕಿದ ನಂತರ 50ರಿಂದ 100 ಕಿಲೋಮೀಟರು ಓಡಿಸಿ ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಬಿಗಿತ ನೋಡಬೇಕೆಂಬ ಸಲಹೆ ಸುಮ್ಮನೆ ಬಂದದ್ದಲ್ಲ. ತಾಪಮಾನದ ಮುಳ್ಳು ಏರಿದರೂ, ಪೆಟ್ರೋಲ್ ವಾಸನೆ ಬಂದರೂ ಇದೇ ನಿಯಮ.

ಚೆಕ್ ಎಂಜಿನ್ ದೀಪದ ವಿಷಯದಲ್ಲಿ ಒಂದು ಸೂಕ್ಷ್ಮ ವ್ಯತ್ಯಾಸವನ್ನು ತಿಳಿದಿರಬೇಕು. ಅದು ಹಳದಿಯಾಗಿ ಸುಮ್ಮನೆ ಹೊತ್ತಿದ್ದು, ಕಾರು ಎಂದಿನಂತೆ ಓಡುತ್ತಿದ್ದರೆ, ನಿಧಾನವಾಗಿ ವರ್ಕ್‌ಶಾಪಿಗೆ ಹೋಗಬಹುದು. ಮಿನುಗುತ್ತಿದ್ದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ, ಉರಿಯದ ಇಂಧನ ಸೈಲೆನ್ಸರ್ ದಾರಿಯಲ್ಲಿ ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಸುಟ್ಟು ಅದನ್ನೇ ಹಾಳುಮಾಡುತ್ತಿದೆ. ಸಡಿಲ ಕನೆಕ್ಟರ್ ಒಂದರಿಂದ ಹುಟ್ಟಿದ ದೋಷ ಹೀಗೆ ಬಲು ದುಬಾರಿ ಭಾಗವೊಂದನ್ನು ನುಂಗಬಲ್ಲದು. ದೀಪ ಕಂಡ ಮೇಲೂ ಓಡಿಸಿದ್ದರಿಂದಲೇ ಹಾನಿ ಹೆಚ್ಚಿತು ಎಂದು ವರ್ಕ್‌ಶಾಪ್ ವಾದಿಸಿದರೆ, ಆ ವಾದ ಹೆಚ್ಚಾಗಿ ಸರಿಯೇ ಆಗಿರುತ್ತದೆ. ಅವರ ತಪ್ಪಿನ ಮೇಲೆ ಮಾಲೀಕರು ತಮ್ಮದೊಂದನ್ನು ಪೇರಿಸಿಕೊಂಡಂತೆ.

ಕುರುಹುಗಳನ್ನು ಹಿಡಿದಿಡುವುದು

ದೋಷ ಕಂಡ ದಿನವೇ ದಿನಾಂಕ, ಸಮಯ, ಓಡೋಮೀಟರಿನ ಅಂಕಿ ಮತ್ತು ಕಂಡದ್ದನ್ನು ಬರೆದಿಡಬೇಕು. ದೀಪದ ಚಿತ್ರ, ಸದ್ದಿನ ವಿಡಿಯೊ ತೆಗೆದಿಡಬೇಕು. ಸದ್ದು ‘ಒಂಥರಾ’ ಇದೆ ಎಂದರೆ ಯಾರಿಗೂ ಉಪಯೋಗವಿಲ್ಲ. ಎಂಜಿನ್ ತಣ್ಣಗಿರುವಾಗಲೋ ಬಿಸಿಯಾದ ಮೇಲೋ, ಯಾವ ವೇಗದಲ್ಲಿ, ತಿರುವಿನಲ್ಲೋ ನೇರ ರಸ್ತೆಯಲ್ಲೋ, ಬ್ರೇಕ್ ಒತ್ತಿದಾಗಲೋ ಬಿಟ್ಟಾಗಲೋ ಎಂಬ ವಿವರಗಳು ಹುಡುಕಾಟದ ಅರ್ಧ ಕೆಲಸವನ್ನು ಮುಗಿಸುತ್ತವೆ. ಖಾಲಿ ಜಾಗದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಹೋಗುವಾಗ ಕಟಕಟ ಸದ್ದು ಬಂದರೆ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟಿನ ಮೇಲೆ ಅನುಮಾನ. ಒಂದು ಬದಿಗೆ ವಾಲಿ ತಿರುಗುವಾಗ ಹೂಂಕಾರ ಜೋರಾಗಿ ಇನ್ನೊಂದು ಬದಿಗೆ ಕಡಿಮೆಯಾದರೆ ವೀಲ್ ಬೇರಿಂಗ್. ಗಂಟೆಗೆ 80ರಿಂದ 110 ಕಿಲೋಮೀಟರು ವೇಗದ ನಡುವೆ ಮಾತ್ರ ಸ್ಟಿಯರಿಂಗ್ ನಡುಗಿದರೆ ಚಕ್ರದ ಬ್ಯಾಲೆನ್ಸ್. ನಿಂತ ಕಾರಿನಲ್ಲಿ ಎಂಜಿನ್ ವೇಗ ಏರಿಸಿದಾಗಲೂ ಅದೇ ಸದ್ದು ಬಂದರೆ ಅದು ಎಂಜಿನ್ ಕಡೆಯದು, ಚಕ್ರಗಳದ್ದಲ್ಲ. ಈ ಪರೀಕ್ಷೆಗಳಿಂದ ಮಾಲೀಕರು ತೀರ್ಪು ಕೊಡಬೇಕಿಲ್ಲ. ಲಕ್ಷಣವನ್ನು ನಿಖರವಾಗಿ ಹೇಳಿದರೆ ಸಾಕು.

ಎಚ್ಚರಿಕೆಯ ದೀಪವಿದ್ದಾಗ ಮಾಲೀಕರು ತಿಳಿಯದೆ ಮಾಡುವ ದೊಡ್ಡ ತಪ್ಪು ಕೋಡನ್ನು ಅಳಿಸುವುದು. ಕಾರಿನ ಕಂಪ್ಯೂಟರು ದಾಖಲಿಸಿದ ದೋಷಗಳನ್ನು ಓದಲು ಇರುವ ಒಬಿಡಿ ಸಾಕೆಟ್ಟಿನ ಎರಡನೆಯ ತಲೆಮಾರಿನ ಮಾದರಿ ಅಮೆರಿಕದಲ್ಲಿ 1996ರ ಕಾರುಗಳಿಂದ, ಯುರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ ಕಡ್ಡಾಯವಾದ ಮೇಲೆ, ಅಗ್ಗದ ಸ್ಕ್ಯಾನರ್ ಒಂದನ್ನು ಜೋಡಿಸಿ ಯಾರು ಬೇಕಾದರೂ ಕೋಡ್ ಓದಬಹುದಾಗಿದೆ. ಓದುವುದು ಒಳ್ಳೆಯದೇ. ದೀಪ ಹೊತ್ತಿದ ಕ್ಷಣದ ವೇಗ, ಎಂಜಿನ್ನಿನ ಸುತ್ತುಗಳು, ಕೂಲೆಂಟಿನ ತಾಪಮಾನ, ಇಂಧನದ ತಿದ್ದುಪಡಿ ಇವೆಲ್ಲವನ್ನೂ ಕಂಪ್ಯೂಟರು ಕೋಡಿನ ಜೊತೆಯಲ್ಲೇ ಒಂದು ಚಿತ್ರದಂತೆ ಹಿಡಿದಿಟ್ಟಿರುತ್ತದೆ. ‘ಅಳಿಸು’ ಗುಂಡಿ ಒತ್ತಿದರೆ ಕೋಡಿನೊಂದಿಗೆ ಈ ದಾಖಲೆಯೂ ಹೋಗುತ್ತದೆ. ಮೆಕ್ಯಾನಿಕ್‌ಗೆ ಉಳಿಯುವುದು ಮಾಲೀಕರ ನೆನಪು ಮಾತ್ರ. ವರ್ಕ್‌ಶಾಪಿಗೆ ಹೋದ ಮೇಲೂ, ಅಳಿಸುವ ಮೊದಲು ಕೋಡುಗಳ ಪಟ್ಟಿಯನ್ನು ಮುದ್ರಿಸಿ ಕೊಡಿ ಎಂದು ಕೇಳುವುದು ಮಾಲೀಕರಿಗೆ ಬಿಟ್ಟದ್ದಲ್ಲ, ಕೇಳಲೇಬೇಕಾದದ್ದು.

ಮತ್ತೆ ಅದೇ ವರ್ಕ್‌ಶಾಪಿಗೆ

ಬೇಸರದಲ್ಲಿ ಅನೇಕರು ನೇರವಾಗಿ ಬೇರೆ ಗ್ಯಾರೇಜಿಗೆ ಹೋಗಿ ಬಿಚ್ಚಿಸುತ್ತಾರೆ. ಸಡಿಲವಾಗಿದ್ದ ಕ್ಲಾಂಪನ್ನು ಅಲ್ಲಿ ಬಿಗಿದ ಮೇಲೆ ಅದು ಸಡಿಲವಾಗಿತ್ತು ಎಂಬುದಕ್ಕೆ ಸಾಕ್ಷಿ ಉಳಿಯುವುದಿಲ್ಲ. ಮೊದಲ ವರ್ಕ್‌ಶಾಪಿನವರಂತೂ ಬೇರೆಯವರು ಕೈ ಹಾಕಿದ್ದಾರೆ ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಸುರಕ್ಷತೆಯ ಪ್ರಶ್ನೆಯಿಲ್ಲದಿದ್ದರೆ ಮೊದಲ ಅವಕಾಶವನ್ನು ಕೆಲಸ ಮಾಡಿದವರಿಗೇ ಕೊಡಬೇಕು. ಎರಡನೆಯ ಅಭಿಪ್ರಾಯ ಬೇಕೇ ಬೇಕೆನಿಸಿದರೆ, ಏನನ್ನೂ ಬಿಚ್ಚದೆ ನೋಡಿ, ಚಿತ್ರಗಳ ಸಮೇತ ಬರಹದಲ್ಲಿ ವರದಿ ಕೊಡುವವರನ್ನು ಹುಡುಕಬೇಕು.

ಅಡ್ವೈಸರ್ ಎದುರಿಗೆ ಕೂತಾಗ ತೀರ್ಮಾನಕ್ಕಿಂತ ಲಕ್ಷಣವನ್ನು ಹೇಳುವುದು ಫಲ ಕೊಡುತ್ತದೆ. ‘ನಿಮ್ಮ ಹುಡುಗರು ಗೇರ್‌ಬಾಕ್ಸ್ ಹಾಳುಮಾಡಿದ್ದಾರೆ’ ಎಂದರೆ ಜಾಬ್ ಕಾರ್ಡಿನಲ್ಲಿ ‘ಗೇರ್‌ಬಾಕ್ಸ್ ಪರೀಕ್ಷಿಸಿ’ ಎಂದಷ್ಟೇ ಬರುತ್ತದೆ. ಪರೀಕ್ಷಿಸಿ, ಸರಿಯಿದೆ ಎಂದು ಹೇಳಿ ಕಾರನ್ನು ಹಿಂದಿರುಗಿಸುತ್ತಾರೆ, ಏಕೆಂದರೆ ನಿಜವಾಗಿ ಸಡಿಲವಾಗಿದ್ದದ್ದು ಎಂಜಿನ್ ಮೌಂಟಿನ ಬೋಲ್ಟ್. ‘ಎರಡರಿಂದ ಮೂರನೆಯ ಗೇರಿಗೆ ಹೋಗುವಾಗ, ಎಂಜಿನ್ ಬಿಸಿಯಾಗಿದ್ದರೆ ಮಾತ್ರ, ಕಾಲಡಿಯಲ್ಲಿ ಒಂದು ಹೊಡೆತ ತಟ್ಟುತ್ತದೆ, ಕಳೆದ ವಾರ ನಿಮ್ಮಲ್ಲಿ ಕ್ಲಚ್ ಬದಲಾಯಿಸುವ ಮುನ್ನ ಇದು ಇರಲಿಲ್ಲ’ ಎಂದರೆ ಹುಡುಕುವವರಿಗೆ ದಾರಿ ಸಿಗುತ್ತದೆ. ಹಿಂದಿನ ಜಾಬ್ ಕಾರ್ಡಿನ ಸಂಖ್ಯೆಯನ್ನು ಹೊಸದರಲ್ಲಿ ಬರೆಸಬೇಕು. ಹಾಗೆ ಬರೆಸದಿದ್ದರೆ ಇದು ದಾಖಲೆಯಲ್ಲಿ ಹೊಸ ಕೆಲಸವಾಗಿ ನಿಲ್ಲುತ್ತದೆ, ಹಿಂದಿನ ದುರಸ್ತಿಯ ವಾರಂಟಿಗೂ ಇದಕ್ಕೂ ನಂಟು ತಪ್ಪುತ್ತದೆ.

ಇನ್ನೊಂದು ಒಳಸಂಗತಿಯನ್ನು ತಿಳಿದಿದ್ದರೆ ಎದುರಿನವರ ಹಿಂಜರಿಕೆ ಅರ್ಥವಾಗುತ್ತದೆ. ಹಲವೆಡೆ ಮೆಕ್ಯಾನಿಕ್‌ಗಳಿಗೆ ಸಂಬಳದ ಲೆಕ್ಕ ಪ್ರತಿ ಕೆಲಸಕ್ಕೆ ಮೊದಲೇ ನಿಗದಿಯಾದ ಗಂಟೆಗಳಿಂದ. ತಿರುಗಿ ಬಂದ ಕೆಲಸಕ್ಕೆ ಗಂಟೆಗಳು ಸಿಗುವುದಿಲ್ಲ. ಅಂದರೆ ಇಂಥ ಕಾರು ಬಂದಾಗ ಅದನ್ನು ಸಾವಧಾನವಾಗಿ ನೋಡಲು ಮೆಕ್ಯಾನಿಕ್‌ಗೆ ಯಾವ ಲಾಭವೂ ಇಲ್ಲ. ಮೊದಲು ಕೆಲಸ ಮಾಡಿದವರ ಬದಲು ಹಿರಿಯ ಮೆಕ್ಯಾನಿಕ್ ಅಥವಾ ಫೋರ್‌ಮನ್ ನೋಡಲಿ ಎಂದು ವಿನಯದಿಂದ ಕೇಳುವುದಕ್ಕೆ ಇದೇ ಕಾರಣ ಸಾಕು. ತನ್ನ ಕೆಲಸದ ತಪ್ಪು ತನ್ನ ಕಣ್ಣಿಗೆ ಬೀಳುವುದು ಹೇಗೂ ಕಷ್ಟ. ಅವರೊಂದಿಗೆ ಕಾರಿನಲ್ಲಿ ಕೂತು ಟೆಸ್ಟ್ ಡ್ರೈವ್ ಮಾಡಿ, ಸದ್ದು ಬಂದ ಕ್ಷಣದಲ್ಲೇ ‘ಇದು’ ಎಂದು ತೋರಿಸುವುದಕ್ಕೆ ಸಮನಾದದ್ದು ಯಾವುದೂ ಇಲ್ಲ.

ಪರೀಕ್ಷೆಯ ಶುಲ್ಕದ ಮಾತು ಕಾರು ಒಪ್ಪಿಸುವ ಮೊದಲೇ ತೀರ್ಮಾನವಾಗಬೇಕು. ದೋಷ ಹಿಂದಿನ ಕೆಲಸಕ್ಕೆ ಸಂಬಂಧಿಸಿದ್ದರೆ ಶುಲ್ಕವಿಲ್ಲ, ಸಂಬಂಧಿಸದಿದ್ದರೆ ಮಾಲೀಕರು ಕೊಡುತ್ತಾರೆ, ಸಂಬಂಧವಿಲ್ಲವೆಂದು ಹೇಳುವುದಾದರೆ ಕಾರಣವನ್ನು ತೋರಿಸಿ ಬರೆದುಕೊಡುತ್ತಾರೆ ಎಂಬ ಒಪ್ಪಂದ ಇಬ್ಬರಿಗೂ ನ್ಯಾಯವಾದದ್ದು. ಬಿಡಿಭಾಗದ ವಾರಂಟಿ ಬೇರೆ, ಕೂಲಿಯ ವಾರಂಟಿ ಬೇರೆ ಇರುವುದುಂಟು. ಹಿಂದಿನ ಬಿಲ್ಲಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿಕೊಂಡು ಹೋದವರಿಗೆ ಈ ಮಾತುಕತೆ ಸುಲಭ. ಬದಲಾಯಿಸಿದ ಹಳೆಯ ಭಾಗಗಳನ್ನು ಇಟ್ಟಿರಿ ಎಂದೂ ಆಗಲೇ ಹೇಳಬೇಕು, ಸಂಜೆ ಕೇಳಿದರೆ ಅವು ಗುಜರಿಗೆ ಹೋಗಿರುತ್ತವೆ. ತಯಾರಕರ ವಾರಂಟಿಯಲ್ಲಿ ಬದಲಾದ ಭಾಗವನ್ನು ಅವರಿಗೇ ಹಿಂದಿರುಗಿಸಬೇಕಾಗಿದ್ದರೆ, ಅದರ ಚಿತ್ರವನ್ನಾದರೂ ತೆಗೆದುಕೊಳ್ಳಬಹುದು.

ಅಡ್ವೈಸರ್ ಹಂತದಲ್ಲಿ ಬಗೆಹರಿಯದಿದ್ದರೆ ವರ್ಕ್‌ಶಾಪ್ ಮ್ಯಾನೇಜರ್, ಅಲ್ಲೂ ಆಗದಿದ್ದರೆ ತಯಾರಕ ಕಂಪನಿಯ ಗ್ರಾಹಕ ವಿಭಾಗ, ಅದನ್ನೂ ಮೀರಿದರೆ ಆಯಾ ದೇಶದ ಗ್ರಾಹಕ ರಕ್ಷಣೆಯ ವ್ಯವಸ್ಥೆ. ಪ್ರತಿ ಹಂತದಲ್ಲೂ ಹೋಗುವ ಪತ್ರ ಒಂದು ಪುಟ ಮೀರದಿರಲಿ: ಕಾರು ಯಾವ ದಿನ ಎಷ್ಟು ಕಿಲೋಮೀಟರಿಗೆ ಒಳಹೋಯಿತು, ಯಾವ ಕೆಲಸವಾಯಿತು, ಯಾವ ದಿನ ಏನು ಕಂಡಿತು, ಯಾರು ಏನು ಉತ್ತರ ಕೊಟ್ಟರು, ಈಗ ಏನು ಆಗಬೇಕು. ಕೋಪದ ಮೂರು ಪುಟಕ್ಕಿಂತ ಇಂಥ ಒಂದು ಪುಟವನ್ನು ಪಕ್ಕಕ್ಕೆ ಸರಿಸುವುದು ಕಷ್ಟ. ತಯಾರಕರು ತಮ್ಮ ಡೀಲರುಗಳಿಗೆ ಕಳಿಸುವ ತಾಂತ್ರಿಕ ಸುತ್ತೋಲೆಗಳಲ್ಲಿ ಇದೇ ಲಕ್ಷಣದ ಪ್ರಸ್ತಾಪವಿದೆಯೇ ಎಂದು ಕೇಳುವುದಕ್ಕೂ ಇದೇ ಸಮಯ. ಇದ್ದರೆ ದೋಷ ಆ ಮಾದರಿಯ ಕಾರುಗಳಲ್ಲಿ ಮೊದಲೇ ಗೊತ್ತಿದ್ದದ್ದು, ದುರಸ್ತಿ ಮಾಡಿದವರ ತಲೆಗೆ ಕಟ್ಟುವಂಥದ್ದಲ್ಲ ಎಂದೂ ತಿಳಿಯಬಹುದು.

ಎಲ್ಲಕ್ಕಿಂತ ತಾಳ್ಮೆ ಬೇಡುವುದು ಬಂದು ಹೋಗುವ ದೋಷ. ವರ್ಕ್‌ಶಾಪಿನ ಅಂಗಳದಲ್ಲಿ ಅದು ಕಾಣಿಸುವುದೇ ಇಲ್ಲ, ಬಿಲ್ಲಿನಲ್ಲಿ ‘ದೋಷ ಕಂಡುಬಂದಿಲ್ಲ’ ಎಂದು ಬರುತ್ತದೆ. ಆ ಸಾಲನ್ನು ಹಾಗೆಯೇ ಒಪ್ಪಿ ಸಹಿ ಹಾಕುವ ಬದಲು, ಎಷ್ಟು ಕಿಲೋಮೀಟರು ಓಡಿಸಿ ನೋಡಿದರು, ಎಂಜಿನ್ ತಣ್ಣಗಿದ್ದಾಗ ನೋಡಿದರೋ ಬಿಸಿಯಾಗಿದ್ದಾಗಲೋ, ಯಾವ ಕನೆಕ್ಟರುಗಳನ್ನು ಬಿಚ್ಚಿ ಪರೀಕ್ಷಿಸಿದರು ಎಂಬುದನ್ನು ಅದರ ಕೆಳಗೆ ಬರೆಸಿಕೊಳ್ಳಬೇಕು. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಮಾತ್ರ ಬರುವ ಸದ್ದಾದರೆ ಕಾರನ್ನು ಹಿಂದಿನ ಸಂಜೆಯೇ ಅಲ್ಲಿ ಬಿಟ್ಟು, ಮರುದಿನ ಬೆಳಿಗ್ಗೆ ತಾವು ಬರುವವರೆಗೂ ಯಾರೂ ಸ್ಟಾರ್ಟ್ ಮಾಡಬಾರದೆಂದು ಕೀಲಿಗೆ ಚೀಟಿ ಕಟ್ಟಿ ಹೇಳಬೇಕು. ಆಗಲೂ ಸಿಗದಿದ್ದರೆ ಜಾಬ್ ಕಾರ್ಡನ್ನು ಮುಚ್ಚದೆ, ‘ನಿಗಾದಲ್ಲಿದೆ’ ಎಂದು ಬರೆಸಿ ಕಾರನ್ನು ತರುವುದು ಲೇಸು. ದೋಷ ಮುಂದಿನ ಸಲ ಕಾಣಿಸುವ ಹೊತ್ತಿಗೆ ದುರಸ್ತಿಯ ವಾರಂಟಿ ಮುಗಿದಿದ್ದರೂ, ದೂರು ಅವಧಿಯೊಳಗೇ ದಾಖಲಾಗಿತ್ತು ಎಂಬುದಕ್ಕೆ ಆ ಒಂದು ಸಾಲೇ ಆಧಾರ.